ಸ್ಟಾರ್ ರೇಲ್‌ನಲ್ಲಿ ಡ್ಯಾಮೇಜ್ ಬರುತ್ತಿಲ್ಲವೇ? ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಐದು ನಕ್ಷತ್ರದ ಪಾತ್ರ, ಕೈತುಂಬ ರೆಲಿಕ್ (ಪಾತ್ರಕ್ಕೆ ತೊಡಿಸುವ ಬಿಡಿ ಭಾಗಗಳು), ನೋಡಲು ಚೆಂದದ ಸ್ಟ್ಯಾಟ್ಸ್. ಆದರೂ ಮೆಮೊರಿ ಆಫ್ ಕೇಯಾಸ್ ಎಂಬ ಕಠಿಣ ಸವಾಲಿನ ವಿಭಾಗಕ್ಕೆ ಕಾಲಿಟ್ಟರೆ ಬಾಸ್‌ನ ಎಚ್‌ಪಿ ಇಳಿಯುವುದೇ ಇಲ್ಲ. ಹೊಂಕಾಯ್: ಸ್ಟಾರ್ ರೇಲ್ ಎಂಬ ಸರದಿಯಾಟದ ವಿಡಿಯೊ ಗೇಮ್ ಆಡುವವರ ಬಾಯಲ್ಲಿ ಪದೇ ಪದೇ ಬರುವ ದೂರು ಇದು. ಇದಕ್ಕೆ ಸಿಗುವ ಉತ್ತರವೂ ಸಾಮಾನ್ಯವಾಗಿ ಒಂದೇ: "ಹೊಸ ಪಾತ್ರ ಪುಲ್ ಮಾಡಿ." ಅಂದರೆ ಲಾಟರಿಯಂಥ ಡ್ರಾದಲ್ಲಿ ಹೊಸಬರನ್ನು ಪಡೆಯಿರಿ ಅಂತ. ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಪಾತ್ರವೇ ಕೆಟ್ಟದ್ದು ಅನ್ನುವ ಪ್ರಸಂಗ ಕಡಿಮೆ. ಬಹಳ ಸಲ ದೋಷ ಇರುವುದು ಮೆಟೀರಿಯಲ್ ಹಾಕಿದರೆ ಸರಿಹೋಗುವ ಜಾಗದಲ್ಲಿ, ಇಲ್ಲವೇ ಖರ್ಚೇ ಇಲ್ಲದೆ ತಿದ್ದಬಹುದಾದ ಆಟದ ಕ್ರಮದಲ್ಲಿ.

ಉದಾಹರಣೆಗೆ ಇಬ್ಬರನ್ನು ಇಟ್ಟುಕೊಳ್ಳೋಣ. ಒಬ್ಬಳು ಸೀಲೆ. 2023ರ ಏಪ್ರಿಲ್ 26ರಂದು ಆಟ ಬಿಡುಗಡೆಯಾದಾಗಲೇ ಬಂದ ಕ್ವಾಂಟಮ್ ಎಲಿಮೆಂಟ್‌ನ (ಏಟಿನ ಬಗೆ) ಪಾತ್ರ. ಇನ್ನೊಬ್ಬ ಡಾನ್ ಹೆಂಗ್, ಎಲ್ಲರಿಗೂ ಪುಕ್ಕಟೆ ಸಿಗುವ ವಿಂಡ್ ಪಾತ್ರ. ಇಬ್ಬರೂ ಹಂಟ್ ಎಂಬ ಪಾತ್‌ನವರು (ಪಾತ್ ಎಂದರೆ ಪಾತ್ರದ ವರ್ಗ), ಅಂದರೆ ಒಬ್ಬ ಶತ್ರುವಿನ ಮೇಲೆ ಜೋರಾಗಿ ಹೊಡೆಯುವವರು. ಇಲ್ಲಿ ಕೊಟ್ಟಿರುವ ಸಂಖ್ಯೆಗಳು ಅವರು ಮೊದಲು ಬಂದ ರೂಪದ್ದು. ಅಪ್‌ಡೇಟ್‌ನಲ್ಲಿ ಹಳೆಯ ಪಾತ್ರಗಳನ್ನು ಬದಲಿಸುವುದುಂಟು. ನಿಮ್ಮ ಪಾತ್ರದ ಪುಟದಲ್ಲಿ ಒಮ್ಮೆ ಓದಿಕೊಳ್ಳಿ.

ಶುರು ಮಾಡುವ ಮೊದಲು: ಒಂದೇ ಏಟು, ಒಂದೇ ಶತ್ರು

ಅಳತೆ ಇಲ್ಲದೆ ದೋಷ ಹುಡುಕಲು ಆಗುವುದಿಲ್ಲ. ಮೆಮೊರಿ ಆಫ್ ಕೇಯಾಸ್‌ನ ಒಂದು ಹಂತ ಆರಿಸಿ. ಎಷ್ಟು ಸಲ ಮರಳಿ ಆಡಿದರೂ ಖರ್ಚಿಲ್ಲ. ಯಾರ ಬಫ್ (ಶಕ್ತಿ ಹೆಚ್ಚಿಸುವ ನೆರವು) ಕೂಡ ಇಲ್ಲದೆ ಒಬ್ಬನೇ ಶತ್ರುವಿಗೆ ಒಂದು ಸ್ಕಿಲ್ ಹಾಕಿ. ಕ್ರಿಟ್ ಆದಾಗ (ಅದೃಷ್ಟದಿಂದ ಏಟು ಜೋರಾಗಿ ಬಿದ್ದಾಗ) ಎಷ್ಟು, ಆಗದಿದ್ದಾಗ ಎಷ್ಟು ಅಂತ ಬರೆದಿಟ್ಟುಕೊಳ್ಳಿ. ಮುಂದೆ ಏನೇ ಬದಲಿಸಿದರೂ ಒಂದನ್ನೇ ಬದಲಿಸಿ, ಅದೇ ಶತ್ರುವಿನ ಮೇಲೆ ಮತ್ತೆ ನೋಡಿ. ನಾಲ್ಕು ರೆಲಿಕ್ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತು ಅನ್ನುವುದು ತಿಳಿಯುವುದೇ ಇಲ್ಲ.

ಒಂದು ವಿಷಯ ಮನಸ್ಸಿನಲ್ಲಿರಲಿ. ಈ ಆಟದಲ್ಲಿ ಡ್ಯಾಮೇಜ್ ಅನ್ನುವುದು ಹಲವು ಗುಂಪುಗಳ ಗುಣಾಕಾರ. ಅಟ್ಯಾಕ್, ಸ್ಕಿಲ್‌ನ ಶೇಕಡಾವಾರು, ಕ್ರಿಟ್, ಡ್ಯಾಮೇಜ್ ಬೋನಸ್, ಶತ್ರುವಿನ ಡಿಫೆನ್ಸ್, ಶತ್ರುವಿನ ರೆಸಿಸ್ಟೆನ್ಸ್, ಟಫ್‌ನೆಸ್ (ನಾವು ಒಡೆಯಬೇಕಾದ ಶತ್ರುವಿನ ರಕ್ಷಣೆಯ ಪಟ್ಟಿ). ಒಂದು ಗುಂಪಿನ ಒಳಗೆ ಸಂಖ್ಯೆಗಳು ಕೂಡುತ್ತವೆ. ಗುಂಪು ಗುಂಪುಗಳ ನಡುವೆ ಗುಣಿಸುತ್ತವೆ. ಹಾಗಾಗಿ ತುಂಬಿದ ಗುಂಪಿಗೆ ಇನ್ನಷ್ಟು ಸುರಿದರೆ ಲಾಭ ಕಡಿಮೆ. ಬರಿದಾದ ಗುಂಪಿಗೆ ಸ್ವಲ್ಪ ಹಾಕಿದರೂ ಸಂಖ್ಯೆ ಜಿಗಿಯುತ್ತದೆ. ಸಾರಿಗೆ ಉಪ್ಪು ಕಮ್ಮಿಯಾದಾಗ ತುಪ್ಪ ಎಷ್ಟು ಬಿಟ್ಟರೂ ರುಚಿ ಬರುವುದಿಲ್ಲ, ಅಲ್ವಾ? ಕೆಳಗಿನ ಎಲ್ಲ ಪರೀಕ್ಷೆಗಳೂ ಯಾವ ಗುಂಪು ಬರಿದಾಗಿದೆ ಎಂದು ಕಂಡುಹಿಡಿಯಲಿಕ್ಕೆ.

ಲಕ್ಷಣ: ಯಾವ ಶತ್ರುವಾದರೂ, ಯಾವ ಏಟಾದರೂ ಸಂಖ್ಯೆ ಚಿಕ್ಕದೇ

ಎಲ್ಲ ಕಡೆ ಒಂದೇ ತರಹ ಕಡಿಮೆ ಇದ್ದರೆ ತಳಪಾಯವನ್ನು ನೋಡಿ. ಮೊದಲು ನೋಡಬೇಕಾದ್ದು ಪಾತ್ರಕ್ಕೆ ತೊಡಿಸುವ ಲೈಟ್ ಕೋನ್ ಎಂಬ ಸಲಕರಣೆಯ ಲೆವೆಲ್. ಪಾತ್ರವನ್ನು 80ಕ್ಕೆ ಏರಿಸಿ ಕೋನ್ ಅನ್ನು 40ರಲ್ಲೇ ಬಿಡುವವರು ಬಹಳ. ಶೇಕಡಾ ಲೆಕ್ಕದ ಅಟ್ಯಾಕ್ ಬೋನಸ್‌ಗಳೆಲ್ಲ ಪಾತ್ರದ ಮೂಲ ಅಟ್ಯಾಕ್ ಮತ್ತು ಕೋನ್‌ನ ಮೂಲ ಅಟ್ಯಾಕ್ ಸೇರಿಸಿದ ಮೊತ್ತದ ಮೇಲೆ ಬರುತ್ತವೆ. ಲೆವೆಲ್ 80ರ ಸೀಲೆಯ ಮೂಲ ಅಟ್ಯಾಕ್ ಸುಮಾರು 640. ಆಟದೊಳಗಿನ ಹರ್ಟಾ ಸ್ಟೋರ್‌ನಲ್ಲಿ ಸಿಗುವ ಕ್ರೂಸಿಂಗ್ ಇನ್ ದ ಸ್ಟೆಲ್ಲರ್ ಸೀ ಕೋನ್ ಲೆವೆಲ್ 1ರಲ್ಲಿ ಕೊಡುವುದು ಬರೀ 24 ಅಟ್ಯಾಕ್. ಲೆವೆಲ್ 80ರಲ್ಲಿ 529. ಅಂದರೆ ತಳಪಾಯದ ಅರ್ಧಕ್ಕೆ ಹತ್ತಿರದ ಭಾಗ ಕೋನ್‌ನಿಂದಲೇ ಬರುತ್ತದೆ.

ಕೋನ್‌ನ ಪಾತ್ ಪಾತ್ರದ ಪಾತ್‌ಗೆ ಹೊಂದುತ್ತದೆಯೇ ಅನ್ನುವುದನ್ನೂ ಇದೇ ಸಮಯದಲ್ಲಿ ನೋಡಿ. ಹಂಟ್ ಪಾತ್ರಕ್ಕೆ ಡಿಸ್ಟ್ರಕ್ಷನ್ ಕೋನ್ ತೊಡಿಸಲು ಆಟ ಬಿಡುತ್ತದೆ. ಮೂಲ ಸಂಖ್ಯೆಗಳೂ ಸೇರುತ್ತವೆ. ಆದರೆ ಕೋನ್‌ನ ವಿಶೇಷ ಗುಣ ಕೆಲಸ ಮಾಡುವುದಿಲ್ಲ. ಹೊಂದುವ ನಾಲ್ಕು ನಕ್ಷತ್ರದ ಕೋನ್ ಹೊಂದದ ಐದು ನಕ್ಷತ್ರದ್ದಕ್ಕಿಂತ ಉಪಯೋಗಕ್ಕೆ ಬರುವುದು ಸಾಮಾನ್ಯ.

ಎರಡನೆಯದು ಟ್ರೇಸ್, ಅಂದರೆ ಪಾತ್ರದ ಏಟುಗಳ ಹಂತ. ಸೀಲೆಯ ಸ್ಕಿಲ್ 1ನೇ ಹಂತದಲ್ಲಿ ಅಟ್ಯಾಕ್‌ನ ಶೇ 110 ಹೊಡೆಯುತ್ತದೆ, 10ನೇ ಹಂತದಲ್ಲಿ ಶೇ 220. ಸರಿಯಾಗಿ ಎರಡು ಪಟ್ಟು! ಇಷ್ಟು ದೊಡ್ಡ ಜಿಗಿತ ಯಾವ ರೆಲಿಕ್‌ನಿಂದಲೂ ಬರುವುದಿಲ್ಲ. ಇದರಲ್ಲಿ ಅದೃಷ್ಟದ ಆಟವೂ ಇಲ್ಲ, ಮೆಟೀರಿಯಲ್ ಹಾಕಿದರೆ ಹಂತ ಏರುತ್ತದೆ. ನನ್ನ ಅಭಿಪ್ರಾಯದಲ್ಲಿ ಮುಖ್ಯ ಏಟಿನ ಟ್ರೇಸ್ 8 ಆಗುವವರೆಗೆ ರೆಲಿಕ್‌ಗೆ ಪವರ್ (ಹೊತ್ತು ಕಳೆದಂತೆ ತುಂಬುವ ಆಟದ ಇಂಧನ) ಸುರಿಯುವುದು ದಂಡ. ಯಾವುದು ಮುಖ್ಯ ಏಟು ಎಂದು ನೋಡಿ ಅದನ್ನೇ ಮೊದಲು ಏರಿಸಿ. ಸೀಲೆಗೆ ಸ್ಕಿಲ್, ಅಲ್ಟಿಮೇಟ್ (ಎನರ್ಜಿ ತುಂಬಿದಾಗ ಹಾಕುವ ದೊಡ್ಡ ಏಟು), ಟ್ಯಾಲೆಂಟ್ (ತಾನಾಗಿ ನಡೆಯುವ ಗುಣ) ಮೂರೂ ಬೇಕು, ಬೇಸಿಕ್ ಏಟು ಆಮೇಲೆ. ಟ್ರೇಸ್ ಪುಟದ ದೊಡ್ಡ ಗುಂಡಿಗಳನ್ನೂ ಮರೆಯಬೇಡಿ. ಅವುಗಳಲ್ಲಿ ಒಂದು ಸೀಲೆಗೆ ಬಫ್ ಇರುವಾಗ ಶೇ 20 ಕ್ವಾಂಟಮ್ ರೆಸಿಸ್ಟೆನ್ಸ್ ಭೇದಿಸುವ ಶಕ್ತಿ ಕೊಡುತ್ತದೆ.

ಮೂರನೆಯದು ರೆಲಿಕ್‌ನ ಮುಖ್ಯ ಸ್ಟ್ಯಾಟ್. ಐದು ನಕ್ಷತ್ರದ ಕೈ ರೆಲಿಕ್ +0ಯಲ್ಲಿ 56 ಅಟ್ಯಾಕ್, +15ರಲ್ಲಿ 352. ಮೈಯ ರೆಲಿಕ್‌ನಲ್ಲಿ ಕ್ರಿಟ್ ರೇಟ್ ಇದ್ದರೆ +15ರಲ್ಲಿ ಶೇ 32.4, ಕ್ರಿಟ್ ಡ್ಯಾಮೇಜ್ ಇದ್ದರೆ ಶೇ 64.8. ಗೋಳ ಎಂಬ ರೆಲಿಕ್‌ನಲ್ಲಿ ಪಾತ್ರದ್ದೇ ಎಲಿಮೆಂಟ್‌ನ ಡ್ಯಾಮೇಜ್ ಬೋನಸ್ ಇದ್ದರೆ ಶೇ 38.8. ಡಾನ್ ಹೆಂಗ್‌ಗೆ ಐಸ್ ಗೋಳ ತೊಡಿಸಿದರೆ ಆ 38.8ರಲ್ಲಿ ಒಂದು ಚೂರೂ ಅವನಿಗೆ ಸಿಗುವುದಿಲ್ಲ. ಮುಖ್ಯ ಸ್ಟ್ಯಾಟ್ ಸರಿಯಿರುವ ಸಾಧಾರಣ ರೆಲಿಕ್, ಸಬ್‌ಸ್ಟ್ಯಾಟ್ (ಉಪ ಸ್ಟ್ಯಾಟ್) ಚೆನ್ನಾಗಿದ್ದು ಮುಖ್ಯ ಸ್ಟ್ಯಾಟ್ ತಪ್ಪಿದ ರೆಲಿಕ್‌ಗಿಂತ ಮೇಲು.

ಲಕ್ಷಣ: ಒಂದು ಶತ್ರುವಿಗೆ ಜೋರು, ಇನ್ನೊಂದಕ್ಕೆ ಸಪ್ಪೆ

ಇದು ಪಾತ್ರದ ದೋಷ ಅಲ್ಲ, ಜೋಡಿಯ ದೋಷ. ಶತ್ರುವಿನ ತಲೆಯ ಮೇಲೆ ಕಾಣುವ ವೀಕ್‌ನೆಸ್ ಚಿಹ್ನೆಗಳಲ್ಲಿ ನಿಮ್ಮ ಎಲಿಮೆಂಟ್ ಇದೆಯೇ? ಇಲ್ಲದಿದ್ದರೆ ಸಾಮಾನ್ಯವಾಗಿ ಶೇ 20 ರೆಸಿಸ್ಟೆನ್ಸ್ ಎದುರಾಗುತ್ತದೆ. ಕೆಲವು ಶತ್ರುಗಳಿಗೆ ಕೆಲವು ಎಲಿಮೆಂಟ್ ಮೇಲೆ ಇನ್ನೂ ಜಾಸ್ತಿ. ಅದಲ್ಲದೆ ಟಫ್‌ನೆಸ್ ಪಟ್ಟಿ ಒಡೆಯುವವರೆಗೆ ನಿಮ್ಮ ಏಟಿನಲ್ಲಿ ಶೇ 10 ಕಡಿತ. ಎರಡೂ ಸೇರಿದರೆ 100 ಇರಬೇಕಾದ ಏಟು 72ಕ್ಕೆ ಇಳಿಯುತ್ತದೆ. ಹೊಂದುವ ಎಲಿಮೆಂಟ್ ಇಲ್ಲದೆ ಹೆಚ್ಚಿನ ಪಾತ್ರಗಳಿಗೆ ಟಫ್‌ನೆಸ್ ಇಳಿಸಲೂ ಆಗುವುದಿಲ್ಲ. ಒಡೆದರೆ ಶತ್ರುವಿನ ಸರದಿಯೂ ಹಿಂದೆ ಹೋಗುತ್ತದೆ, ಆ ಲಾಭವೂ ತಪ್ಪುತ್ತದೆ.

ತಂಡದ ಇನ್ನೊಬ್ಬರಾದರೂ ಟಫ್‌ನೆಸ್ ಒಡೆಯುವಂತಿರಲಿ. ಟಫ್‌ನೆಸ್ ಒಡೆದ ಮೇಲೆ ಅಲ್ಟಿಮೇಟ್ ಹಾಕಿ. ಬೇರೇನೂ ಬದಲಿಸದೆ ಆ ಶೇ 10 ಕಡಿತ ತಪ್ಪುತ್ತದೆ.

ಲೆವೆಲ್ ಅಂತರವನ್ನೂ ಇಲ್ಲೇ ನೋಡಿಬಿಡಿ. ಲೆವೆಲ್ 80ರ ಪಾತ್ರ ಲೆವೆಲ್ 80ರ ಶತ್ರುವಿಗೆ ಹೊಡೆದಾಗ ಡಿಫೆನ್ಸ್ ಅರ್ಧ ಡ್ಯಾಮೇಜ್ ತಿಂದುಹಾಕುತ್ತದೆ. ಇದು ಎಲ್ಲರಿಗೂ ಆಗುವುದೇ, ಗಾಬರಿ ಬೇಡ. ಪೇಲಾ ಎಂಬ ಸಹಾಯಕ ಪಾತ್ರದ ಅಲ್ಟಿಮೇಟ್ 10ನೇ ಹಂತದಲ್ಲಿ ಶತ್ರುವಿನ ಡಿಫೆನ್ಸ್ ಅನ್ನು ಶೇ 40 ಇಳಿಸುತ್ತದೆ. ಆಗ ದಾಟಿ ಬರುವ ಭಾಗ ಶೇ 50ರಿಂದ 62.5ಕ್ಕೆ ಏರುತ್ತದೆ. ಅಂದರೆ ನಿಮ್ಮ ಒಟ್ಟು ಏಟು ಕಾಲು ಭಾಗ ಹೆಚ್ಚಾಗುತ್ತದೆ. ನಾಲ್ಕು ನಕ್ಷತ್ರದ ಪಾತ್ರವೊಂದು ಮಾಡುವ ಕೆಲಸ ಇದು!

ಲಕ್ಷಣ: ಒಮ್ಮೆ ಭಾರೀ, ಒಮ್ಮೆ ಏನೂ ಇಲ್ಲ

ಇದು ಕ್ರಿಟ್. ಎಲ್ಲ ಪಾತ್ರಗಳೂ ಶುರುವಾಗುವುದು ಶೇ 5 ಕ್ರಿಟ್ ರೇಟ್, ಶೇ 50 ಕ್ರಿಟ್ ಡ್ಯಾಮೇಜ್‌ನಿಂದ. ಸಬ್‌ಸ್ಟ್ಯಾಟ್‌ನಲ್ಲಿ ಒಂದು ಏರಿಕೆಗೆ ಕ್ರಿಟ್ ರೇಟ್ ಎಷ್ಟು ಸಿಗುತ್ತದೋ ಕ್ರಿಟ್ ಡ್ಯಾಮೇಜ್ ಅದರ ಎರಡು ಪಟ್ಟು ಸಿಗುತ್ತದೆ. ಆದ್ದರಿಂದ ಕ್ರಿಟ್ ರೇಟ್‌ನ ದುಪ್ಪಟ್ಟು ಕ್ರಿಟ್ ಡ್ಯಾಮೇಜ್ ಇದ್ದರೆ ಸಮತೋಲ.

ಲೆಕ್ಕ ಹೀಗೆ. ರೇಟ್ 40, ಡ್ಯಾಮೇಜ್ 160 ಇದ್ದರೆ ಸರಾಸರಿ ಏಟು 1.64 ಪಟ್ಟು. ಅದೇ ಬೆಲೆಯಲ್ಲಿ 60 ಮತ್ತು 120 ಮಾಡಿಕೊಂಡರೆ 1.72 ಪಟ್ಟು. ಅಂತರ ಚಿಕ್ಕದಾಗಿ ಕಾಣಬಹುದು. ಆದರೆ ಮೊದಲನೆಯದರಲ್ಲಿ ಹತ್ತರಲ್ಲಿ ಆರು ಏಟು ಸಪ್ಪೆ. ಬಫ್ ಎಲ್ಲ ಕೂಡಿಟ್ಟು ಹಾಕಿದ ಅಲ್ಟಿಮೇಟ್ ಆ ಆರರಲ್ಲಿ ಒಂದಾದರೆ ಇಡೀ ಸುತ್ತು ಮತ್ತೆ ಆಡಬೇಕು. ರೇಟ್ 60 ದಾಟುವವರೆಗೆ ಕ್ರಿಟ್ ಡ್ಯಾಮೇಜ್ ಹಿಂದೆ ಓಡಬೇಡಿ ಅನ್ನುವುದು ನನ್ನ ಗಟ್ಟಿ ಸಲಹೆ. ಮೈಯ ರೆಲಿಕ್ ಒಂದನ್ನು ಕ್ರಿಟ್ ಡ್ಯಾಮೇಜ್‌ನಿಂದ ಕ್ರಿಟ್ ರೇಟ್‌ಗೆ ಬದಲಿಸಿದರೆ ಸಾಕಾಗಬಹುದು.

ಇದಕ್ಕೆ ತಿರುಗುಮುರುಗಿನ ದೋಷವೂ ಇದೆ. ಕ್ರಿಟ್ ರೇಟ್ 100 ದಾಟಿದರೆ ಮೇಲಿನದು ವ್ಯರ್ಥ. ಕೆಲವು ಬೋನಸ್ ಯುದ್ಧದೊಳಗೆ ಮಾತ್ರ ಸೇರುತ್ತವೆ, ಸ್ಟ್ಯಾಟ್ಸ್ ಪುಟದಲ್ಲಿ ಕಾಣುವುದಿಲ್ಲ. ಕ್ರೂಸಿಂಗ್ ಕೋನ್ ಮೊದಲ ಪ್ರತಿಯಲ್ಲಿ ಶೇ 8 ಕ್ರಿಟ್ ರೇಟ್ ಕೊಡುತ್ತದೆ. ಶತ್ರುವಿನ ಎಚ್‌ಪಿ ಅರ್ಧ ಅಥವಾ ಅದಕ್ಕಿಂತ ಕೆಳಗಿದ್ದರೆ ಇನ್ನೊಂದು ಶೇ 8. ಪುಟದಲ್ಲಿ 95 ಕಾಣುತ್ತಿದ್ದರೆ ಬಾಸ್ ಅರ್ಧವಾದ ಮೇಲೆ 103 ಆಗಿ, ಮೂರು ಕೈಬಿಟ್ಟಂತೆ.

ಲಕ್ಷಣ: ಸ್ಟ್ಯಾಟ್ಸ್ ಪುಟ ಚಿನ್ನದಂತಿದೆ, ಏಟು ಮಾತ್ರ ಬರುತ್ತಿಲ್ಲ

ಪಾತ್ರದ ವಿವರಣೆಯನ್ನು ನಿಧಾನವಾಗಿ ಓದಿ. ಎಲ್ಲರೂ ಅಟ್ಯಾಕ್ ಮತ್ತು ಕ್ರಿಟ್‌ನಿಂದ ಹೊಡೆಯುವವರಲ್ಲ. ಬ್ಲೇಡ್‌ನ ಏಟು ಬಹುಪಾಲು ಎಚ್‌ಪಿಯಿಂದ ಬರುತ್ತದೆ. ಕಾಫ್ಕಾಳ ಶಕ್ತಿ ಸರದಿ ಸರದಿಗೂ ಸುಡುವ ಡ್ಯಾಮೇಜ್‌ನಲ್ಲಿದೆ (ಡಿಒಟಿ). ಡಿಒಟಿ ಕ್ರಿಟ್ ಆಗುವುದಿಲ್ಲ, ಅವಳಿಗೆ ಅಟ್ಯಾಕ್ ಮತ್ತು ಸ್ಪೀಡ್ ಸಾಕು. ಫೈರ್‌ಫ್ಲೈ ಬ್ರೇಕ್ ಎಫೆಕ್ಟ್‌ನಿಂದ ಹೊಡೆಯುತ್ತಾಳೆ. ಬ್ರೇಕ್ ಡ್ಯಾಮೇಜ್‌ಗೆ ಕ್ರಿಟ್ ಕೂಡ ಇಲ್ಲ, ಎಲಿಮೆಂಟ್ ಬೋನಸ್ ಕೂಡ ತಾಗುವುದಿಲ್ಲ. ಆದರೆ ಪಾತ್ರದ ಲೆವೆಲ್ ಬಹಳ ಮುಖ್ಯ. ಆಕೆರಾನ್‌ಗೆ ಎನರ್ಜಿಯೇ ಇಲ್ಲ. ಶತ್ರುಗಳ ಮೇಲೆ ಡಿಬಫ್ (ಶಕ್ತಿ ಕುಗ್ಗಿಸುವ ಪರಿಣಾಮ) ಬಿದ್ದಾಗ ಸೇರುವ ಗುರುತುಗಳಿಂದ ಅವಳ ಅಲ್ಟಿಮೇಟ್ ತುಂಬುತ್ತದೆ. ಅವಳಿಗೆ ಎನರ್ಜಿ ರೀಜನರೇಷನ್ ಇರುವ ಹಗ್ಗ (ಇದೂ ಒಂದು ರೆಲಿಕ್) ತೊಡಿಸಿದರೆ ಆ ಜಾಗವೇ ಖಾಲಿ ಬಿಟ್ಟ ಹಾಗೆ. ತಂಡದಲ್ಲಿ ಇನ್ನಿಬ್ಬರು ನಿಹಿಲಿಟಿ ಪಾತ್‌ನ ಪಾತ್ರಗಳಿದ್ದರೆ ಮಾತ್ರ ಅವಳ ಏಟು ಪೂರ್ತಿ ತೆರೆದುಕೊಳ್ಳುವಂತೆ ಅವಳನ್ನು ರೂಪಿಸಿದ್ದಾರೆ.

ಆಮೇಲೆ ರೆಲಿಕ್ ಸೆಟ್‌ನ ಷರತ್ತು ನೋಡಿ. ರುಟಿಲೆಂಟ್ ಅರೀನಾ ಸೆಟ್ ಬೇಸಿಕ್ ಮತ್ತು ಸ್ಕಿಲ್ ಏಟಿಗೆ ಶೇ 20 ಸೇರಿಸುತ್ತದೆ, ಆದರೆ ಕ್ರಿಟ್ ರೇಟ್ 70 ಮುಟ್ಟಿದರೆ ಮಾತ್ರ. 68ರಲ್ಲಿ ನಿಂತರೆ ಆ ಇಪ್ಪತ್ತು ಇಲ್ಲ. ಇನರ್ಟ್ ಸಾಲ್ಸೊಟ್ಟೋಗೆ 50 ಸಾಕು, ಅದು ಅಲ್ಟಿಮೇಟ್ ಮತ್ತು ಫಾಲೋ-ಅಪ್ ಏಟಿಗೆ ಶೇ 15 ಕೊಡುತ್ತದೆ. ಸ್ಪೇಸ್ ಸೀಲಿಂಗ್ ಸ್ಟೇಷನ್‌ಗೆ ಸ್ಪೀಡ್ 120 ಬೇಕು.

ಇದೂ ಸರಿಯಿದ್ದರೆ ತುಂಬಿದ ಗುಂಪಿನ ಸಮಸ್ಯೆ ಇರಬಹುದು. ಸೀಲೆಗೆ ಟ್ಯಾಲೆಂಟ್ 10ನೇ ಹಂತದಲ್ಲಿ ಶೇ 80 ಡ್ಯಾಮೇಜ್ ಬೋನಸ್ ಬರುತ್ತದೆ. ಸಹಾಯಕ ಪಾತ್ರ ಬ್ರೋನ್ಯಾಳ ಸ್ಕಿಲ್ ಅದೇ ಹಂತದಲ್ಲಿ ಶೇ 66 ಸೇರಿಸುತ್ತದೆ. ಇವೆಲ್ಲ ಒಂದೇ ಗುಂಪು, ಸುಮ್ನೆ ಕೂಡುತ್ತವೆ. ಆಗಲೇ ಬೋನಸ್ 150 ಇದ್ದರೆ ಗೋಳದ 38.8 ಸೇರಿಸಿದಾಗ ನಿಜವಾದ ಏರಿಕೆ ಶೇ 15.5 ಮಾತ್ರ. ಇಂಥ ತಂಡದಲ್ಲಿ ಮೂರನೇ ಡ್ಯಾಮೇಜ್ ಬಫರ್ ತರುವ ಬದಲು ಡಿಫೆನ್ಸ್ ಇಳಿಸುವ ಪೇಲಾಳನ್ನು ತನ್ನಿ.

ಲಕ್ಷಣ: ಏಟು ದೊಡ್ಡದೇ, ಆದರೆ ಸೈಕಲ್ ಮುಗಿದುಹೋಗುತ್ತದೆ

ಸೈಕಲ್ ಅಂದರೆ ಗೆಲ್ಲಲು ಎಣಿಸಿ ಕೊಟ್ಟಿರುವ ಸುತ್ತು. ಇಲ್ಲಿ ದೋಷ ಕಟ್ಟುವುದರಲ್ಲಿಲ್ಲ, ಆಡುವುದರಲ್ಲಿದೆ. ನಾನು ಗಮನಿಸಿದಂತೆ ಒಳ್ಳೆಯ ರೆಲಿಕ್ ಇರುವವರು ಎಡವುವುದು ಹೆಚ್ಚಾಗಿ ಇಲ್ಲೇ. ಸರಿಪಡಿಸಲು ಒಂದು ಪೈಸೆ ಖರ್ಚಿಲ್ಲ.

ಸರದಿಯ ಲೆಕ್ಕ ಸರಳ. 10,000ವನ್ನು ಸ್ಪೀಡ್‌ನಿಂದ ಭಾಗಿಸಿದರೆ ಎಷ್ಟು ಹೊತ್ತಿಗೆ ಸರದಿ ಬರುತ್ತದೆ ಎಂದು ತಿಳಿಯುತ್ತದೆ. ಮೆಮೊರಿ ಆಫ್ ಕೇಯಾಸ್‌ನ ಮೊದಲ ಸೈಕಲ್ 150 ಅಳತೆಯದು, ಮುಂದಿನವು 100. ಸ್ಪೀಡ್ 134 ಇದ್ದರೆ ಒಂದು ಸರದಿಗೆ 74.6. ಎರಡು ಸರದಿ 149.2ರಲ್ಲಿ ಮುಗಿದು, ಮೊದಲ ಸೈಕಲ್‌ನೊಳಗೆ ಎರಡು ಏಟು ಬೀಳುತ್ತದೆ. 130 ಇದ್ದರೆ ಎರಡನೆಯದು 153.8ಕ್ಕೆ ಬರುತ್ತದೆ, ಅಷ್ಟರಲ್ಲಿ ಸೈಕಲ್ ದಾಟಿರುತ್ತದೆ. ಡಾನ್ ಹೆಂಗ್‌ನ ಮೂಲ ಸ್ಪೀಡ್ 110. ಸ್ಪೀಡ್ ಇರುವ ಪಾದದ ರೆಲಿಕ್ +15ರಲ್ಲಿ 25 ಕೊಡುತ್ತದೆ. ಒಟ್ಟು 135, ಗೆರೆ ದಾಟಿದ! ಅಟ್ಯಾಕ್ ಪಾದ ತೊಡಿಸಿದರೆ ಒಂದೊಂದು ಏಟು ಸ್ವಲ್ಪ ದೊಡ್ಡದು, ಏಟುಗಳ ಎಣಿಕೆ ಕಮ್ಮಿ.

ಇನ್ನು ಬ್ರೋನ್ಯಾ. ಅವಳ ಸ್ಕಿಲ್ ಆರಿಸಿದ ಪಾತ್ರವನ್ನು ತಕ್ಷಣ ಸರದಿಗೆ ತರುತ್ತದೆ. ಬ್ರೋನ್ಯಾ ವೇಗವಾಗಿದ್ದಷ್ಟೂ ಒಳ್ಳೆಯದು ಎಂದುಕೊಂಡು ಅವಳಿಗೆ 140 ಸ್ಪೀಡ್ ಕಟ್ಟುತ್ತಾರೆ, ಹೊಡೆಯುವ ಪಾತ್ರ 134ರಲ್ಲಿರುತ್ತದೆ. ಏನಾಗುತ್ತದೆ ನೋಡಿ. ಬ್ರೋನ್ಯಾಳ ಸರದಿ 71.4ಕ್ಕೆ ಬರುತ್ತದೆ. 74.6ಕ್ಕೆ ಹೇಗೂ ಬರಬೇಕಿದ್ದ ಪಾತ್ರವನ್ನು ಅವಳು ಎಳೆದು ತರುತ್ತಾಳೆ. ಉಳಿದದ್ದು ಬರೀ ಮೂರು ಚಿಲ್ಲರೆ. ಅದೇ ಬ್ರೋನ್ಯಾ 133ರಲ್ಲಿದ್ದರೆ ಪಾತ್ರ 74.6ಕ್ಕೆ ತನ್ನ ಸರದಿ ಆಡಿ ಮುಗಿಸಿರುತ್ತದೆ. 75.2ಕ್ಕೆ ಬ್ರೋನ್ಯಾ ಬಂದು ಅದನ್ನೇ ಮತ್ತೆ ಸರದಿಗೆ ತರುತ್ತಾಳೆ. ಪೂರ್ತಿ ಒಂದು ಸರದಿ ಲಾಭ. ಬ್ರೋನ್ಯಾಳ ವೇಗವನ್ನು ಕಡಿಮೆ ಮಾಡಿದ್ದರಿಂದ ಒಟ್ಟು ಡ್ಯಾಮೇಜ್ ಹೆಚ್ಚಾಯಿತು.

ಸೀಲೆಯ ಜೊತೆ ಇದು ಅಷ್ಟು ನೇರವಲ್ಲ. ಸ್ಕಿಲ್ ಬಳಸಿದಾಗ ಅವಳ ವೇಗ ಶೇ 25 ಏರುತ್ತದೆ. ಮೂಲ 115ರ ಮೇಲೆ ಸುಮಾರು 29. ಅವಳು ಮುಂದೆ ಓಡಿ ಬ್ರೋನ್ಯಾಳ ತಾಳ ತಪ್ಪಿಸುತ್ತಾಳೆ. ಪರದೆಯ ಎಡಗಡೆಯ ಸರದಿ ಪಟ್ಟಿಯನ್ನು ನೋಡುತ್ತಾ ಆಡಬೇಕು. ಸೀಲೆ ಪಟ್ಟಿಯ ಮೇಲ್ಭಾಗದಲ್ಲಿದ್ದರೆ ಬ್ರೋನ್ಯಾಳಿಂದ ಬೇಸಿಕ್ ಹಾಕಿಸಿ ಸ್ಕಿಲ್ ಪಾಯಿಂಟ್ ಉಳಿಸಿ. ಕೆಳಗಿದ್ದರೆ ಎಳೆಯಿರಿ.

ಸ್ಕಿಲ್ ಪಾಯಿಂಟ್ ಮಾತು ಬಂತು. ಯುದ್ಧ ಶುರುವಾಗುವಾಗ 3 ಇರುತ್ತದೆ, ಗರಿಷ್ಠ 5. ಸೀಲೆ ಸ್ಕಿಲ್, ಬ್ರೋನ್ಯಾ ಸ್ಕಿಲ್, ಮತ್ತೆ ಸೀಲೆ ಸ್ಕಿಲ್: ಮೂರು ಖಾಲಿ. ಉಳಿದಿಬ್ಬರು ಬೇಸಿಕ್ ಹಾಕಿದರೆ ಎರಡು ವಾಪಸ್. ಪ್ರತಿ ಸುತ್ತಿಗೆ ಒಂದು ಸಾಲ. ಮೂರು ಸುತ್ತಿನಲ್ಲಿ ಖಜಾನೆ ಖಾಲಿಯಾಗಿ, ಡಿಪಿಎಸ್ (ಮುಖ್ಯವಾಗಿ ಹೊಡೆಯುವ) ಪಾತ್ರ ಬೇಸಿಕ್ ಹೊಡೆಯುತ್ತಾ ನಿಲ್ಲುತ್ತದೆ. ಹೀಗಾಗುತ್ತಿದ್ದರೆ ಉಳಿದಿಬ್ಬರಿಗೆ ಸ್ಪೀಡ್ ಜಾಸ್ತಿ ಕೊಡಿ. ಅವರು ಹೆಚ್ಚು ಸಲ ಬೇಸಿಕ್ ಹಾಕಿ ಪಾಯಿಂಟ್ ತುಂಬುತ್ತಾರೆ.

ಸೀಲೆ ಆಡುವವರಿಗೆ ಇನ್ನೊಂದು ಮಾತು. ಶತ್ರುವನ್ನು ಕೊಂದರೆ ಅವಳಿಗೆ ಒಂದು ಹೆಚ್ಚುವರಿ ಸರದಿ ಸಿಗುತ್ತದೆ, ಜೊತೆಗೆ ಟ್ಯಾಲೆಂಟ್‌ನ ಬಫ್. ಆ ಹೆಚ್ಚುವರಿ ಸರದಿಯಲ್ಲಿ ಕೊಂದರೆ ಮತ್ತೊಂದು ಸಿಗುವುದಿಲ್ಲ. ಹಾಗಾಗಿ ಪಕ್ಕದ ಚಿಕ್ಕ ಶತ್ರುವನ್ನು ಸಾಯುವ ಅಂಚಿಗೆ ತಂದಿಟ್ಟುಕೊಳ್ಳಿ. ಬೇಸಿಕ್ ಏಟಿನಿಂದ ಅದನ್ನು ಮುಗಿಸಿ, ಸಿಕ್ಕ ಸರದಿಯನ್ನು ಬಾಸ್ ಮೇಲೆ ಸ್ಕಿಲ್‌ಗೆ ಬಳಸಿ. ಆಟೋ ಬ್ಯಾಟಲ್ ಇಂಥ ಯೋಚನೆ ಮಾಡುವುದಿಲ್ಲ. ಆಟೋದಲ್ಲಿ ಸೋತು ಕೈಯಿಂದ ಆಡಿದಾಗ ಗೆದ್ದರೆ ಕಟ್ಟುವಿಕೆ ಸರಿಯಿದೆ ಎಂದೇ ಅರ್ಥ.

ಲಕ್ಷಣ: ಬಫ್ ಹಾಕಿದರೂ ವ್ಯತ್ಯಾಸ ಕಾಣುತ್ತಿಲ್ಲ

ಟಿಂಗ್‌ಯುನ್ ಜೊತೆ ಹೀಗಾಗುವುದು ಬಹಳ. ಅವಳ ಸ್ಕಿಲ್ 10ನೇ ಹಂತದಲ್ಲಿ ಅಟ್ಯಾಕ್ ಅನ್ನು ಶೇ 50 ಏರಿಸುತ್ತದೆ ಎಂದು ಓದಿ ಅಲ್ಲಿಗೇ ನಿಲ್ಲಿಸುತ್ತಾರೆ. ಮುಂದಿನ ಸಾಲಿನಲ್ಲಿ ಮಿತಿ ಇದೆ: ಟಿಂಗ್‌ಯುನ್‌ಳ ಸ್ವಂತ ಅಟ್ಯಾಕ್‌ನ ಶೇ 25 ಮೀರುವಂತಿಲ್ಲ. ಅವಳ ಅಟ್ಯಾಕ್ 1600 ಇದ್ದರೆ ಗರಿಷ್ಠ 400 ಮಾತ್ರ. ಸಹಾಯಕ ಪಾತ್ರ ತಾನೇ ಎಂದು ಅವಳನ್ನು ಲೆವೆಲ್ 50ರಲ್ಲಿ ಬಿಟ್ಟರೆ ಕಷ್ಟ ಅನುಭವಿಸುವುದು ನಿಮ್ಮ ಡಿಪಿಎಸ್.

ಪೇಲಾಳ ವಿಷಯದಲ್ಲಿ ದೋಷ ಬೇರೆ. ಅವಳ ಡಿಬಫ್ ತಾಗುತ್ತಲೇ ಇಲ್ಲದಿರಬಹುದು. ಶತ್ರುವಿನ ಎಫೆಕ್ಟ್ ರೆಸಿಸ್ಟೆನ್ಸ್ ಶೇ 40 ಇದ್ದರೆ ಖಚಿತವಾಗಿ ತಾಗಲು ಅವಳಿಗೆ ಶೇ 67 ಎಫೆಕ್ಟ್ ಹಿಟ್ ರೇಟ್ ಬೇಕು. ತಾಗಿದರೂ ಅದು ಶತ್ರುವಿನ ಎರಡು ಸರದಿ ಮಾತ್ರ ಇರುತ್ತದೆ. ಶತ್ರುವಿನ ಸರದಿಗೆ ಸ್ವಲ್ಪ ಮೊದಲು ಹಾಕಿದರೆ ಒಂದು ಸರದಿ ಆಗಲೇ ಹೋಯಿತು. ಅದರ ಸರದಿ ಮುಗಿದ ಕೂಡಲೇ ಹಾಕಿ.

ಲಕ್ಷಣ: ಒಂದು ವಿಭಾಗದಲ್ಲಿ ಮಾತ್ರ ಸೋಲು

ಪ್ಯೂರ್ ಫಿಕ್ಷನ್ ಎಂಬ ವಿಭಾಗದಲ್ಲಿ ಶತ್ರುಗಳು ಗುಂಪು ಗುಂಪಾಗಿ ಬರುತ್ತಲೇ ಇರುತ್ತವೆ. ಅಲ್ಲಿ ಡಾನ್ ಹೆಂಗ್ ಸೋತರೆ ಅದು ದೋಷವಲ್ಲ, ಅವನ ಕೆಲಸ ಅದಲ್ಲ. ಎಲ್ಲರಿಗೂ ಸಿಗುವ, ಗುಂಪಿಗೆ ಹೊಡೆಯುವ ಹರ್ಟಾಳನ್ನು ಕಟ್ಟಿ. ಡಾನ್ ಹೆಂಗ್‌ನ ರೆಲಿಕ್ ಮುಟ್ಟಬೇಡಿ.

ರೆಲಿಕ್ ಹುಡುಕಾಟ ಎಲ್ಲಿ ನಿಲ್ಲಿಸಬೇಕು

ಮೇಲಿನ ಪರೀಕ್ಷೆಗಳೆಲ್ಲ ಮುಗಿದ ಮೇಲಷ್ಟೇ ರೆಲಿಕ್‌ಗೆ ಬನ್ನಿ. ಕಾರಣ, ಇದೇ ಅತಿ ದುಬಾರಿ. ಟ್ರೈಲ್‌ಬ್ಲೇಜ್ ಪವರ್ ಆರು ನಿಮಿಷಕ್ಕೆ ಒಂದರಂತೆ ತುಂಬುತ್ತದೆ, ದಿನಕ್ಕೆ 240. ರೆಲಿಕ್ ಸಿಗುವ ಕ್ಯಾವರ್ನ್ ಆಫ್ ಕರೋಷನ್ ಒಮ್ಮೆಗೆ 40 ತಿನ್ನುತ್ತದೆ. ದಿನಕ್ಕೆ ಆರು ಸಲ. ಅದರಲ್ಲಿ ಬೇಕಾದ ಸೆಟ್, ಬೇಕಾದ ಭಾಗ, ಬೇಕಾದ ಮುಖ್ಯ ಸ್ಟ್ಯಾಟ್ ಮೂರೂ ಒಟ್ಟಿಗೆ ಸಿಗಬೇಕು. ಸಬ್‌ಸ್ಟ್ಯಾಟ್ ಮಾತು ಅದರ ನಂತರ. ಮುಖ್ಯ ಸ್ಟ್ಯಾಟ್ ಆರಿಸಿ ರೆಲಿಕ್ ಮಾಡಿಕೊಳ್ಳಲು ಬಿಡುವ ಸೆಲ್ಫ್-ಮಾಡೆಲಿಂಗ್ ರೆಸಿನ್ ಕೈಗೆ ಬಂದರೆ ಎಲಿಮೆಂಟ್ ಗೋಳಕ್ಕೆ ಉಳಿಸಿಡಿ. ಏಳು ಎಲಿಮೆಂಟ್ ಇರುವುದರಿಂದ ನಿಮ್ಮದೇ ಸಿಗುವುದು ಅಲ್ಲಿ ಕಷ್ಟ.

ಮುಖ್ಯ ಸ್ಟ್ಯಾಟ್ ಎಲ್ಲ ಸರಿ, ಕ್ರಿಟ್ 60 ಮತ್ತು 120ರ ಆಸುಪಾಸು, ಸ್ಪೀಡ್ ಗೆರೆ ದಾಟಿದೆ ಅಂದರೆ ನಿಲ್ಲಿಸಿ. ಪವರ್ ಅನ್ನು ಸಹಾಯಕ ಪಾತ್ರಗಳಿಗೆ ತಿರುಗಿಸಿ.

ಎಚ್ಚರಿಕೆಗಳು: ಫೋನ್, ದುಡ್ಡು, ನಿದ್ದೆ

ಸರದಿಯಾಟ ಆದ್ದರಿಂದ ಫೋನ್ ನಿಧಾನವಾದರೂ ಡ್ಯಾಮೇಜ್ ಕಡಿಮೆಯಾಗುವುದಿಲ್ಲ. ಆದರೆ ಬಿಸಿಯಾದರೆ ಫ್ರೇಮ್ 60ರಿಂದ 30ಕ್ಕೆ ಇಳಿಸಿ, ಕವರ್ ತೆಗೆಯಿರಿ, ಚಾರ್ಜ್‌ಗೆ ಹಾಕಿಕೊಂಡು ಆಡಬೇಡಿ. ಹಿಂಬದಿ ಉಬ್ಬಿದಂತೆ ಕಂಡರೆ ಆಟ ಅಲ್ಲಿಗೇ ನಿಲ್ಲಬೇಕು. ಒತ್ತಿ ನೋಡಬೇಡಿ, ಚಾರ್ಜ್ ಮಾಡಬೇಡಿ, ಆಫ್ ಮಾಡಿ ಸರ್ವಿಸ್ ಸೆಂಟರ್‌ಗೆ ಒಯ್ಯಿರಿ.

ಪುಲ್ ಮಾಡುವ ಮನಸ್ಸಾದರೆ ಲೆಕ್ಕ ಮೊದಲು ನೋಡಿ. ಪಾತ್ರದ ಬ್ಯಾನರ್‌ನಲ್ಲಿ ಒಂದು ಪುಲ್‌ಗೆ ಐದು ನಕ್ಷತ್ರ ಬರುವ ಸಾಧ್ಯತೆ ಶೇ 0.6. 90ಕ್ಕೆ ಒಂದು ಖಚಿತ, ಆದರೆ ಬೇಕಾದದ್ದೇ ಬರುತ್ತದೆ ಅನ್ನುವ ಖಾತ್ರಿಗೆ 180ರವರೆಗೂ ಹೋಗಬಹುದು. ಒಂದಕ್ಕೆ 160 ಜೇಡ್‌ನಂತೆ (ಆಟದೊಳಗಿನ ನಾಣ್ಯ) 28,800. ಅಷ್ಟು ಕೂಡಿಸದೆ ಪುಲ್ ಶುರು ಮಾಡಬೇಡಿ. ಅಗ್ಗದ ಟಾಪ್-ಅಪ್ ಅಂತ ಪಾಸ್‌ವರ್ಡ್ ಕೇಳುವವರಿಗೆ, ಖಾತೆ ಮಾರುವವರಿಗೆ ದುಡ್ಡು ಕೊಡಬೇಡಿ. ಯುಪಿಐಯಲ್ಲಿ ಮೋಸ ಹೋದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕ್‌ಗೂ ತಿಳಿಸಿ.

ನಿದ್ದೆ ಕೆಟ್ಟು ಆಡುತ್ತಿದ್ದರೆ, ಖರ್ಚು ಮನೆಯವರಿಂದ ಮುಚ್ಚಿಡುವಂತಾದರೆ, ಬಿಡಬೇಕೆಂದರೂ ಬಿಡಲಾಗದಿದ್ದರೆ ಅದು ರೆಲಿಕ್‌ನಿಂದ ಸರಿಹೋಗುವ ವಿಷಯವಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ಶಟ್ ಕ್ಲಿನಿಕ್ ಇದೆ. ಊರು ಯಾವುದೇ ಇರಲಿ, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಕ್ಕಳು ಆಡುವ ಮನೆಯಾದರೆ ಆ್ಯಪ್ ಸ್ಟೋರ್‌ನಲ್ಲಿ ಖರೀದಿಗೆ ಪಿನ್ ಕಡ್ಡಾಯ ಮಾಡಿಡಿ.

ಲಕ್ಷಣ: ಎಲ್ಲ ಸರಿಯಿದೆ, ಆದರೂ ವಿವರಣೆಯಲ್ಲಿ ಬರೆದಂತೆ ನಡೆಯುತ್ತಿಲ್ಲ

ಅಪ್‌ಡೇಟ್ ಬಂದ ಮರುದಿನ ಇದ್ದಕ್ಕಿದ್ದಂತೆ ಸಂಖ್ಯೆ ಬಿದ್ದರೆ ಮೊದಲು ಆ ಅವಧಿಯ ಮೆಮೊರಿ ಆಫ್ ಕೇಯಾಸ್ ಬಫ್ ಬದಲಾಗಿದೆಯೇ ನೋಡಿ. ಹೆಚ್ಚಾಗಿ ಕಾರಣ ಅಷ್ಟೇ. ಅದಲ್ಲದಿದ್ದರೆ ಆಟ ಮುಚ್ಚಿ ತೆರೆಯಿರಿ, ಫೈಲ್ ರಿಪೇರಿ ಆಯ್ಕೆ ಬಳಸಿ. ಆಮೇಲೂ ಟ್ರೇಸ್ ಒಂದು ಕೆಲಸ ಮಾಡುತ್ತಿಲ್ಲ ಎಂದು ಖಚಿತವಾದರೆ ಆಟದೊಳಗಿನ ಗ್ರಾಹಕ ಸೇವೆಗೆ ಬರೆಯಿರಿ. ಯಾವ ಪಾತ್ರ, ಯಾವ ಹಂತ, ಯಾವ ಶತ್ರು, ಎಷ್ಟು ಬರಬೇಕಿತ್ತು, ಎಷ್ಟು ಬಂತು ಅನ್ನುವುದನ್ನು ಪರದೆಯ ವಿಡಿಯೊ ಜೊತೆ ಕಳಿಸಿ. ಪರದೆಯ ಮೂಲೆಯ ಯುಐಡಿ ಸಂಖ್ಯೆ ಕೊಡಿ. ಪಾಸ್‌ವರ್ಡ್, ಒಟಿಪಿ ಯಾರು ಕೇಳಿದರೂ ಕೊಡಬೇಡಿ.